ಒಬ್ಬೊಬ್ಬರನ್ನೇ ಕೇಳಿ: ರಾಷ್ಟ್ರೀಯ ಸಮೀಕ್ಷೆಗಳನ್ನು ನಡೆಸುವವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕಾರ್ಯದರ್ಶಿಗಳು, ಸಾಂಖ್ಯಿಕ ಮತ್ತು ಕಾರ್ಯಕ್ರಮ ಅನುಷ್ಠಾನ ಸಚಿವಾಲಯ, ಭಾರತ ಸರ್ಕಾರ, ನವದೆಹಲಿ
ನಿರ್ದೇಶಕರು, ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ, ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ವೈಯಕ್ತಿಕ ಕ್ಷೇಮ ಮತ್ತು ಒಂಟಿತನದ ಪ್ರಶ್ನೆಗಳನ್ನು ರಾಷ್ಟ್ರೀಯ ಸಮೀಕ್ಷೆಗಳಲ್ಲಿ ಸೇರಿಸುವುದು ಮತ್ತು ಅವನ್ನು ಕೇಳುವ ಕ್ರಮ

ಮಾನ್ಯರೇ,

ಈ ದೇಶದ ಒಂದು ಕುಟುಂಬ ತಿಂಗಳಿಗೆ ಎಷ್ಟು ಅಕ್ಕಿ, ಎಷ್ಟು ಎಣ್ಣೆ ಕೊಳ್ಳುತ್ತದೆ, ಆಸ್ಪತ್ರೆಗೆ ಎಷ್ಟು ಖರ್ಚು ಮಾಡುತ್ತದೆ, ಮನೆಯಲ್ಲಿ ಯಾರಿಗೆ ಕೆಲಸವಿದೆ, ಯಾರಿಗೆ ಇಲ್ಲ ಎಂಬುದೆಲ್ಲ ನಿಮ್ಮ ಕಚೇರಿಗಳ ದಶಕಗಳ ದುಡಿಮೆಯಿಂದ ನಮಗೆ ತಿಳಿದಿದೆ. ಆದರೆ ಅದೇ ಮನೆಯೊಳಗಿರುವ ಒಬ್ಬೊಬ್ಬರು ತಮ್ಮ ಬದುಕಿನ ಬಗ್ಗೆ ಏನೆಂದುಕೊಂಡಿದ್ದಾರೆ, ನಿನ್ನೆಯ ದಿನವನ್ನು ನೆಮ್ಮದಿಯಿಂದ ಕಳೆದರೋ ಆತಂಕದಿಂದಲೋ, ಮನಸ್ಸಿನ ಮಾತು ಹೇಳಿಕೊಳ್ಳಲು ಅವರಿಗೆ ಯಾರಾದರೂ ಇದ್ದಾರೆಯೇ ಎಂಬುದನ್ನು ನಮ್ಮ ರಾಷ್ಟ್ರೀಯ ಸಮೀಕ್ಷೆಗಳು ಎಲ್ಲ ವಯಸ್ಸಿನವರನ್ನೂ ಒಳಗೊಂಡು, ನಿಯಮಿತವಾಗಿ ಕೇಳಿಲ್ಲ. ಈ ಪ್ರಶ್ನೆಗಳನ್ನು ಸೇರಿಸಬೇಕೆಂದು ಕೋರಲು ಈ ಪತ್ರ ಬರೆಯುತ್ತಿದ್ದೇನೆ. ಅದಕ್ಕಿಂತ ಮುಖ್ಯವಾಗಿ, ಅವನ್ನು ಹೇಗೆ ಕೇಳಬೇಕು ಎಂಬುದರ ಬಗ್ಗೆ ತಮ್ಮ ಗಮನ ಸೆಳೆಯಬೇಕಾಗಿದೆ. ತಪ್ಪಾಗಿ ಕೇಳಿದರೆ ಇವು ತಪ್ಪು ಉತ್ತರವನ್ನೇ ತರುತ್ತವೆ, ಆ ತಪ್ಪು ಉತ್ತರ ಸರ್ಕಾರದ ಮುದ್ರೆಯೊಂದಿಗೆ ಹೊರಬಂದರೆ ಅದನ್ನು ತಿದ್ದಲು ಮತ್ತೆ ಹತ್ತು ವರ್ಷ ಬೇಕಾಗುತ್ತದೆ. ಸಂಖ್ಯಾಶಾಸ್ತ್ರದ ಪಾಠ ಹೇಳುತ್ತ, ಕ್ಷೇತ್ರಕಾರ್ಯಕ್ಕೆ ಹೋಗುವ ವಿದ್ಯಾರ್ಥಿಗಳ ಜೊತೆ ಊರೂರು ಸುತ್ತಿದವನಾಗಿ ನನಗೆ ಈ ಎರಡನೆಯ ವಿಷಯದ ಬಗ್ಗೆಯೇ ಹೆಚ್ಚು ಕಾಳಜಿ.

ಈ ಬೇಡಿಕೆ ಈಗ ಬರಲು ಕಾರಣವಿದೆ. 2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯು ಸಾಮಾಜಿಕ ಸಂಬಂಧಗಳ ಕುರಿತು ತನ್ನ ಮೊದಲ ನಿರ್ಣಯವನ್ನು ಅಂಗೀಕರಿಸಿತು. ಮರು ತಿಂಗಳೇ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು ಜಗತ್ತಿನ ಆರು ಜನರಲ್ಲಿ ಒಬ್ಬರು ಒಂಟಿತನವನ್ನು ಅನುಭವಿಸುತ್ತಿದ್ದಾರೆಂದೂ, ವರ್ಷಕ್ಕೆ 8,71,000ಕ್ಕೂ ಹೆಚ್ಚು ಸಾವುಗಳಿಗೆ ಅದರ ನಂಟಿದೆಯೆಂದೂ ಅಂದಾಜಿಸಿ, ದೇಶಗಳು ಇದನ್ನು ಅಳೆಯುವ ವ್ಯವಸ್ಥೆ ಮಾಡಿಕೊಳ್ಳಬೇಕೆಂದು ಹೇಳಿತು. ನಮ್ಮಲ್ಲಿ ಈ ಚರ್ಚೆ ಮಾರ್ಚ್ ತಿಂಗಳಲ್ಲಿ, ವಿಶ್ವ ಸಂತೋಷ ವರದಿ ಬಂದಾಗ ಮಾತ್ರ ಏಳುತ್ತದೆ. 2024ರಲ್ಲಿ ಭಾರತ 126ನೆಯ ಸ್ಥಾನದಲ್ಲಿತ್ತು, 2025ರಲ್ಲಿ 118ನೆಯ ಸ್ಥಾನಕ್ಕೆ ಬಂತು. ಆ ಪಟ್ಟಿಯ ಮೂಲ, ಜನಾಭಿಪ್ರಾಯ ಸಮೀಕ್ಷೆಗಳನ್ನು ನಡೆಸುವ ಗ್ಯಾಲಪ್ ಸಂಸ್ಥೆಯ ಒಂದೇ ಪ್ರಶ್ನೆ: ಅತ್ಯುತ್ತಮ ಬದುಕು ತುದಿಯಲ್ಲಿ, ಅತ್ಯಂತ ಕೆಟ್ಟ ಬದುಕು ಬುಡದಲ್ಲಿ ಇರುವ ಏಣಿಯೊಂದರ ಯಾವ ಮೆಟ್ಟಿಲಲ್ಲಿ ನೀವು ನಿಂತಿದ್ದೀರಿ? ಒಂದೊಂದು ದೇಶದಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಸುಮಾರು 1,000 ಜನರ ಉತ್ತರ ಪಡೆದು, ಮೂರು ವರ್ಷಗಳ ಸರಾಸರಿ ತೆಗೆಯಲಾಗುತ್ತದೆ. ಇಂಥ ಮಾದರಿಯಿಂದ ಕರ್ನಾಟಕದ ಬಗ್ಗೆಯಾಗಲಿ, ಹಳ್ಳಿಯ ವಿಧವೆಯರ ಬಗ್ಗೆಯಾಗಲಿ, ನಗರದ ಯುವಕರ ಬಗ್ಗೆಯಾಗಲಿ ಒಂದು ಮಾತನ್ನೂ ಹೇಳಲಾಗದು. ಆ ವರದಿಯನ್ನು ಟೀಕಿಸುವ ಅಧಿಕಾರ ನಮಗೆ ಬರಬೇಕಾದರೆ ನಮ್ಮದೇ ಆದ, ಅದಕ್ಕಿಂತ ಗಟ್ಟಿಯಾದ ಅಂಕಿಅಂಶ ಇರಬೇಕು.

ಬೇರೆ ದೇಶಗಳ ದಾರಿಯನ್ನು ಚುಟುಕಾಗಿ ನೆನಪಿಸುತ್ತೇನೆ. ಅರ್ಥಶಾಸ್ತ್ರಜ್ಞರಾದ ಜೋಸೆಫ್ ಸ್ಟಿಗ್ಲಿಟ್ಜ್, ಅಮರ್ತ್ಯ ಸೇನ್ ಮತ್ತು ಜಾನ್ ಪಾಲ್ ಫಿತೂಸಿ ಅವರ ಆಯೋಗ 2009ರಲ್ಲಿ ಫ್ರಾನ್ಸ್‌ಗೆ ಕೊಟ್ಟ ವರದಿಯಲ್ಲಿ, ಜನರು ತಮ್ಮ ಬದುಕನ್ನು ತಾವೇ ಹೇಗೆ ಕಾಣುತ್ತಾರೆ ಎಂಬುದನ್ನು ಅಧಿಕೃತ ಸಾಂಖ್ಯಿಕ ಸಂಸ್ಥೆಗಳೇ ಸಂಗ್ರಹಿಸಬೇಕೆಂದು ಶಿಫಾರಸು ಮಾಡಿತ್ತು. ಬ್ರಿಟನ್ನಿನ ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2011ರ ಏಪ್ರಿಲ್‌ನಿಂದ ತನ್ನ ದೊಡ್ಡ ವಾರ್ಷಿಕ ಸಮೀಕ್ಷೆಯಲ್ಲಿ ನಾಲ್ಕೇ ನಾಲ್ಕು ಪ್ರಶ್ನೆಗಳನ್ನು ಸೇರಿಸಿತು: ಈಗಿನ ಬದುಕಿನ ಬಗ್ಗೆ ಎಷ್ಟು ತೃಪ್ತಿಯಿದೆ, ನೀವು ಮಾಡುತ್ತಿರುವುದಕ್ಕೆ ಎಷ್ಟು ಸಾರ್ಥಕತೆಯಿದೆ ಎನಿಸುತ್ತದೆ, ನಿನ್ನೆ ಎಷ್ಟು ಸಂತೋಷವಾಗಿದ್ದಿರಿ, ನಿನ್ನೆ ಎಷ್ಟು ಆತಂಕದಲ್ಲಿದ್ದಿರಿ. ಉತ್ತರ 0ಯಿಂದ 10ರವರೆಗೆ. ಮೊದಲ ವರ್ಷವೇ ಸುಮಾರು 1,65,000 ವಯಸ್ಕರು ಉತ್ತರಿಸಿದರು. ಒಂಟಿತನದ ಅಳತೆಗೆ ಅದೇ ಕಚೇರಿ 2018ರ ಡಿಸೆಂಬರ್‌ನಲ್ಲಿ ನಾಲ್ಕು ಪ್ರಶ್ನೆಗಳ ಒಂದು ಗುಚ್ಛವನ್ನು ಶಿಫಾರಸು ಮಾಡಿತು. ಜಪಾನ್ 2021ರಲ್ಲಿ ಒಂಟಿತನಕ್ಕೆಂದೇ ಸಚಿವರನ್ನು ನೇಮಿಸಿ, ಅದೇ ವರ್ಷದ ಕೊನೆಯಲ್ಲಿ ರಾಷ್ಟ್ರವ್ಯಾಪಿ ಸಮೀಕ್ಷೆಯನ್ನು ಆರಂಭಿಸಿತು. ಒಟ್ಟು ರಾಷ್ಟ್ರೀಯ ಸಂತೋಷವನ್ನೇ ಅಳೆಯುವ ನೆರೆಯ ಭೂತಾನದ ವಿಷಯ ತಮಗೆ ಹೇಳಬೇಕಾಗಿಲ್ಲ.

ನಮ್ಮ ಬುಟ್ಟಿ ಪೂರ್ತಿ ಖಾಲಿಯೆಂದು ನಾನು ಹೇಳುತ್ತಿಲ್ಲ. ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ 2017–18ರಲ್ಲಿ ನಡೆಸಿದ ಲಾಸಿ ಎಂಬ ಮುಪ್ಪಿನ ಅಧ್ಯಯನದಲ್ಲಿ 72,000ಕ್ಕೂ ಹೆಚ್ಚು ಜನರನ್ನು ಮಾತನಾಡಿಸಲಾಯಿತು. ಅಲ್ಲಿ ಬದುಕಿನ ತೃಪ್ತಿಯ ಪ್ರಶ್ನೆಗಳಿವೆ, ಕಳೆದ ವಾರ ಎಷ್ಟು ದಿನ ಒಂಟಿ ಎನಿಸಿತು ಎಂಬ ಪ್ರಶ್ನೆಯೂ ಇದೆ. ಆದರೆ ಅದು 45 ವರ್ಷ ದಾಟಿದವರ ಅಧ್ಯಯನ, ಮೇಲಾಗಿ ಅಲ್ಲಿ ಒಂಟಿತನದ ಪ್ರಶ್ನೆ ಖಿನ್ನತೆಯನ್ನು ಅಳೆಯುವ ಹತ್ತು ಪ್ರಶ್ನೆಗಳ ನಡುವೆ ಒಂದಾಗಿ ಕೂತಿದೆ. ಖಿನ್ನತೆ ಬೇರೆ, ಒಂಟಿತನ ಬೇರೆ. ಒಂದು ಇನ್ನೊಂದನ್ನು ಎಳೆದು ತರಬಹುದು, ಆದರೆ ಎರಡನ್ನೂ ಒಂದೇ ಮಾಪಕದಲ್ಲಿ ಹಾಕಿದರೆ ಯಾವುದು ಯಾವುದನ್ನು ಎಳೆಯಿತು ಎಂದು ತಿಳಿಯುವ ದಾರಿ ಮುಚ್ಚುತ್ತದೆ. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಗೆ ನಮ್ಮ ಕೋಲಾರ ಜಿಲ್ಲೆಯಲ್ಲೇ ಪೂರ್ವಪರೀಕ್ಷೆ ನಡೆದಿತ್ತು. ಅದರ ಗುರಿ ಕಾಯಿಲೆಯನ್ನು ಗುರುತಿಸುವುದಾಗಿತ್ತು. ಕಾಯಿಲೆ ಇಲ್ಲದವರೆಲ್ಲ ಕ್ಷೇಮವಾಗಿದ್ದಾರೆಂದು ಅದರಿಂದ ಹೇಳಲಾಗದು.

ಇನ್ನೊಂದು ಉದಾಹರಣೆ ಕನ್ನಡಿಗರಾದ ನಮಗೆ ವಿಶೇಷವಾಗಿ ನೆನಪಿರಬೇಕು. ಮುಪ್ಪು ಮತ್ತು ವಯಸ್ಕರ ಆರೋಗ್ಯವನ್ನು ಕುರಿತ ವಿಶ್ವ ಆರೋಗ್ಯ ಸಂಸ್ಥೆಯ ಸೇಜ್ ಅಧ್ಯಯನಕ್ಕೆ ಭಾರತದಲ್ಲಿ ಆರಿಸಿಕೊಂಡ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದರಲ್ಲಿ ನಿನ್ನೆಯ ದಿನವನ್ನು ತುಂಡುತುಂಡಾಗಿ ನೆನಪಿಸಿಕೊಂಡು, ಯಾವ ಕೆಲಸ ಮಾಡುವಾಗ, ಯಾರ ಜೊತೆಗಿದ್ದಾಗ ಹೇಗನಿಸಿತು ಎಂದು ಹೇಳುವ ಪದ್ಧತಿಯನ್ನು ಸಂಕ್ಷಿಪ್ತ ರೂಪದಲ್ಲಿ ಬಳಸಲಾಗಿತ್ತು. ಮನೋವಿಜ್ಞಾನಿ ಡೇನಿಯಲ್ ಕಾನ್ಮನ್ ಮತ್ತು ಸಂಗಡಿಗರು ಟೆಕ್ಸಾಸ್‌ನ 909 ಉದ್ಯೋಗಸ್ಥ ಮಹಿಳೆಯರನ್ನು ಕೇಳಿ 2004ರಲ್ಲಿ ಪ್ರಕಟಿಸಿದ ಪದ್ಧತಿ ಅದು. ಅಂದರೆ ಇಂಥ ಪ್ರಶ್ನೆಗಳನ್ನು ನಮ್ಮ ಜನ ಅರ್ಥಮಾಡಿಕೊಳ್ಳಲಾರರು ಎಂಬ ವಾದ ನಿಲ್ಲುವುದಿಲ್ಲ, ಇಲ್ಲಿನ ಜನರನ್ನು ಆಗಲೇ ಕೇಳಲಾಗಿದೆ.

ಹಾಗಾದರೆ ಅಡ್ಡಿ ಎಲ್ಲಿದೆ? ನನ್ನ ತಿಳಿವಳಿಕೆಯಲ್ಲಿ ಅಡ್ಡಿ ಇರುವುದು ನಮ್ಮ ಸಮೀಕ್ಷೆಗಳ ಬುನಾದಿಯಲ್ಲೇ. ನಮ್ಮ ಸಮೀಕ್ಷೆಗಳು ಮನೆಯ ಸಮೀಕ್ಷೆಗಳು. ತನಿಖಾಧಿಕಾರಿ ಮನೆಗೆ ಬರುತ್ತಾರೆ, ಮನೆಯಲ್ಲಿ ಸಿಕ್ಕವರೊಬ್ಬರನ್ನು ಕೂರಿಸಿಕೊಂಡು ಉಳಿದವರ ವಿವರವನ್ನೂ ಅವರಿಂದಲೇ ಪಡೆಯುತ್ತಾರೆ. ದುಡಿಮೆಯ ಸಮೀಕ್ಷೆಯಲ್ಲಿ ಮಗ ಯಾವ ಕೆಲಸಕ್ಕೆ ಹೋಗುತ್ತಾನೆಂದು ತಂದೆ ಹೇಳಿದರೆ ತಕ್ಕಮಟ್ಟಿಗೆ ನಡೆಯುತ್ತದೆ. ಸೊಸೆಗೆ ಬದುಕಿನಲ್ಲಿ ಎಷ್ಟು ತೃಪ್ತಿಯಿದೆ ಎಂದು ಮಾವ ಹೇಳಿದರೆ ಅದು ಅಂಕಿಅಂಶವೇ ಅಲ್ಲ. ಬ್ರಿಟನ್ನಿನ ಸಮೀಕ್ಷೆಯಲ್ಲಿ ಉದ್ಯೋಗದ ಪ್ರಶ್ನೆಗಳಿಗೆ ಮನೆಯ ಮತ್ತೊಬ್ಬರು ಉತ್ತರಿಸಲು ಅವಕಾಶವಿದೆ, ಆದರೆ ಕ್ಷೇಮದ ನಾಲ್ಕು ಪ್ರಶ್ನೆಗಳಿಗೆ ಬೇರೆಯವರ ಉತ್ತರವನ್ನು ಸ್ವೀಕರಿಸುವುದಿಲ್ಲ. ಆ ವ್ಯಕ್ತಿ ಸಿಗದಿದ್ದರೆ ಆ ಜಾಗ ಖಾಲಿ ಉಳಿಯುತ್ತದೆ. ನಾವು ಮೊದಲು ಒಪ್ಪಿಕೊಳ್ಳಬೇಕಾದ ನಿಯಮ ಇದೇ.

ಪರವಾಗಿ ಉತ್ತರಿಸುವುದನ್ನು ನಿಲ್ಲಿಸಿದರೂ ಸಮಸ್ಯೆ ಮುಗಿಯುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಸಮೀಕ್ಷೆಯೆಂಬುದು ಜಗಲಿಯ ಮೇಲೆ ನಡೆಯುವ ಸಾರ್ವಜನಿಕ ಕಾರ್ಯ. ಟ್ಯಾಬ್ಲೆಟ್ ಹಿಡಿದವರು ಬಂದರೆಂದರೆ ಎದುರುಮನೆಯವರು ಬರುತ್ತಾರೆ, ಮಕ್ಕಳು ಸುತ್ತುಗಟ್ಟುತ್ತಾರೆ, ಅತ್ತೆ ಬಾಗಿಲ ಬಳಿ ಬಂದು ನಿಲ್ಲುತ್ತಾರೆ. ಆ ಗುಂಪಿನ ನಡುವೆ ಇಪ್ಪತ್ತೆರಡು ವರ್ಷದ ಹುಡುಗಿಯನ್ನು ‘ನಿನ್ನನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಂಡಿಲ್ಲ ಎಂದು ಎಷ್ಟು ಸಲ ಅನಿಸುತ್ತದೆ’ ಎಂದು ಕೇಳಿದರೆ ಅವಳು ಏನು ಹೇಳಿಯಾಳು? ‘ಇಲ್ಲ’ ಎನ್ನುತ್ತಾಳೆ, ಅದು ‘ಎಂದೂ ಇಲ್ಲ’ ಎಂದು ದಾಖಲಾಗುತ್ತದೆ. ಹೀಗೆ ಲಕ್ಷಾಂತರ ‘ಇಲ್ಲ’ಗಳನ್ನು ಕೂಡಿಸಿ, ಭಾರತದ ಅವಿಭಕ್ತ ಕುಟುಂಬದಲ್ಲಿ ಒಂಟಿತನವೇ ಇಲ್ಲವೆಂಬ ಕೋಷ್ಟಕವೊಂದು ತಯಾರಾಗುವ ಅಪಾಯವಿದೆ. ನನಗೆ ಅತ್ಯಂತ ಭಯ ಹುಟ್ಟಿಸುವ ಸಾಧ್ಯತೆ ಅದು.

ಈ ಭಯವನ್ನು ನಿವಾರಿಸುವ ಅನುಭವ ನಮ್ಮ ದೇಶದಲ್ಲೇ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕೌಟುಂಬಿಕ ಹಿಂಸೆಯ ಭಾಗಕ್ಕೆ ಒಂದು ಮನೆಯಿಂದ ಒಬ್ಬ ಮಹಿಳೆಯನ್ನು ಮಾತ್ರ ಆರಿಸುತ್ತಾರೆ. ಬೇರೆ ಯಾರ ಕಿವಿಗೂ ಬೀಳದಂತೆ ಮಾತನಾಡಲು ಆಗದಿದ್ದರೆ ಆ ಪ್ರಶ್ನೆಗಳನ್ನು ಕೇಳುವುದೇ ಇಲ್ಲ, ಏಕಾಂತ ಸಿಗಲಿಲ್ಲ ಎಂಬುದನ್ನೇ ದಾಖಲಿಸುತ್ತಾರೆ. 2019–21ರ ಸುತ್ತಿನಲ್ಲಿ ಸುಮಾರು 6,37,000 ಮನೆಗಳನ್ನು ತಲುಪಿದ ಸಮೀಕ್ಷೆಗೇ ಇದು ಸಾಧ್ಯವಾಗಿದ್ದರೆ, ಕ್ಷೇಮದ ನಾಲ್ಕು, ಒಂಟಿತನದ ನಾಲ್ಕು, ಹೀಗೆ ಎಂಟು ಪ್ರಶ್ನೆಗಳ ಒಂದು ಭಾಗಕ್ಕೆ ಏಕೆ ಸಾಧ್ಯವಾಗಬಾರದು? ಮನೆಯಲ್ಲಿರುವ ವಯಸ್ಕರ ಪಟ್ಟಿ ಹೇಗೂ ಟ್ಯಾಬ್ಲೆಟ್‌ನಲ್ಲಿರುತ್ತದೆ. ಅವರಲ್ಲಿ ಒಬ್ಬರನ್ನು ಯಂತ್ರವೇ ಯಾದೃಚ್ಛಿಕವಾಗಿ ಆರಿಸಲಿ. ಸಂಖ್ಯಾಶಾಸ್ತ್ರಜ್ಞ ಲೆಸ್ಲಿ ಕಿಶ್ 1949ರಲ್ಲೇ ಇದಕ್ಕೆ ಕಾಗದದ ಕೋಷ್ಟಕವೊಂದನ್ನು ರೂಪಿಸಿ ಕೊಟ್ಟಿದ್ದರು, ಈಗ ಅದು ಕ್ಷಣದ ಕೆಲಸ. ಆರಿಸಿದವರು ಮನೆಯಲ್ಲಿ ಇಲ್ಲದಿದ್ದರೆ ಮತ್ತೆ ಬರಬೇಕು, ಸಂಜೆ ಬರಬೇಕು, ಭಾನುವಾರ ಬರಬೇಕು. ಅವರ ಬದಲು ಮನೆಯಲ್ಲೇ ಸಿಗುವವರನ್ನು ಕೂರಿಸಬಾರದು. ಆರು ವಯಸ್ಕರಿರುವ ಮನೆಯಿಂದ ಆರಿಸಿದ ಒಬ್ಬರು ಆರು ಜನರನ್ನು ಪ್ರತಿನಿಧಿಸುತ್ತಾರೆ, ಒಬ್ಬರೇ ಇರುವ ಮನೆಯವರು ಒಬ್ಬರನ್ನೇ. ಆದ್ದರಿಂದ ಲೆಕ್ಕ ಹಾಕುವಾಗ ತಕ್ಕ ತೂಕ ಕೊಡಬೇಕು. ಇದನ್ನು ಮರೆತರೆ ಒಂಟಿಯಾಗಿ ವಾಸಿಸುವವರ ದನಿ ಇರುವುದಕ್ಕಿಂತ ದೊಡ್ಡದಾಗಿ ಕೇಳಿಸಿ, ದೊಡ್ಡ ಮನೆಯ ಒಳಗಿನವರ ದನಿ ಕುಗ್ಗುತ್ತದೆ.

ಏಕಾಂತ ಸಿಕ್ಕರೂ ಎದುರಿಗೆ ತನಿಖಾಧಿಕಾರಿ ಇರುತ್ತಾರೆ. ಪರಸ್ಥಳದವರು ಬಂದು ‘ಹೇಗಿದ್ದೀರಿ’ ಎಂದರೆ ‘ದೇವರು ಇಟ್ಟ ಹಾಗೆ’, ‘ಏನೋ ನಡೀತಿದೆ’, ‘ನಿಮ್ಮ ಆಶೀರ್ವಾದ’ ಎನ್ನುವುದು ನಮ್ಮ ಸೌಜನ್ಯ. ಚೆನ್ನಾಗಿದ್ದೇನೆಂದು ಬಾಯಿಬಿಟ್ಟು ಹೇಳಿದರೆ ದೃಷ್ಟಿಯಾದೀತು ಎಂಬ ಅಳುಕು ಒಂದು ಕಡೆ, ಚೆನ್ನಾಗಿಲ್ಲವೆಂದು ಹೇಳಿದರೆ ಮನೆಯ ಮರ್ಯಾದೆ ಹೋದೀತು ಎಂಬ ಅಳುಕು ಇನ್ನೊಂದು ಕಡೆ. ಸರ್ಕಾರದವರು ಬಂದಿದ್ದಾರೆಂದರೆ ಪಡಿತರ ಚೀಟಿಯ ಪರಿಶೀಲನೆಯೋ, ಗೃಹಲಕ್ಷ್ಮಿಯ ಹಣದ ವಿಚಾರಣೆಯೋ ಎಂಬ ಶಂಕೆ ಇವೆರಡಕ್ಕೂ ಮೇಲೆ. ಮುಖಾಮುಖಿಯಾಗಿ ಅಥವಾ ಫೋನಿನಲ್ಲಿ ಕೇಳಿದಾಗ ಜನ ತಮ್ಮ ಕ್ಷೇಮವನ್ನು ತುಸು ಹೆಚ್ಚಿಸಿ ಹೇಳುತ್ತಾರೆ, ತಾವೇ ಬರೆದು ಅಥವಾ ಒತ್ತಿ ಉತ್ತರಿಸುವಾಗ ಅಷ್ಟು ಹೆಚ್ಚಿಸುವುದಿಲ್ಲ ಎಂಬುದು ಹಲವು ದೇಶಗಳ ಅನುಭವ. ಓದು ಬಾರದವರಿಗೂ ಈ ಅವಕಾಶ ಕೊಡಬಹುದು: ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಧ್ವನಿಮುದ್ರಿತ ಪ್ರಶ್ನೆಯನ್ನು ಕೇಳಿ, ತೆರೆಯ ಮೇಲಿನ ಬಣ್ಣವನ್ನೋ ಚಿತ್ರವನ್ನೋ ಮುಟ್ಟಿ ಉತ್ತರಿಸುವ ವ್ಯವಸ್ಥೆ ಜಗತ್ತಿನ ಹಲವೆಡೆ ಸೂಕ್ಷ್ಮ ವಿಷಯಗಳ ಸಮೀಕ್ಷೆಯಲ್ಲಿ ಬಳಕೆಯಲ್ಲಿದೆ. ಹೀಗೆ ಮಾಡಿದರೆ ಏಕಾಂತ ಪೂರ್ತಿ ಸಿಗದ ಮನೆಯಲ್ಲೂ ಉತ್ತರ ಗುಟ್ಟಾಗಿ ಉಳಿಯುತ್ತದೆ.

ಯಾವ ವಿಧಾನವನ್ನು ಆರಿಸಿದರೂ ಅದಕ್ಕೇ ಅಂಟಿಕೊಳ್ಳಬೇಕು. ಇಂಗ್ಲೆಂಡಿನ ಸಮುದಾಯ ಜೀವನ ಸಮೀಕ್ಷೆ ಮುಖಾಮುಖಿ ಭೇಟಿಯನ್ನು ಬಿಟ್ಟು ಆನ್‌ಲೈನ್ ಮತ್ತು ಅಂಚೆಯ ದಾರಿ ಹಿಡಿದಾಗ, ಹೊಸ ಅಂಕಿಗಳನ್ನು ಹಳೆಯವುಗಳ ಪಕ್ಕದಲ್ಲಿಟ್ಟು ನೇರವಾಗಿ ಹೋಲಿಸಲು ಆಗಲಿಲ್ಲ. ಒಂಟಿತನ ಹೆಚ್ಚಾಯಿತೋ, ಕೇಳಿದ ರೀತಿ ಬದಲಾದದ್ದಕ್ಕೆ ಹಾಗೆ ಕಂಡಿತೋ ಎಂಬ ಗೊಂದಲ ನಮಗೆ ಬೇಡ.

ಒಂಟಿತನವನ್ನು ನೇರವಾಗಿ ಕೇಳಬೇಕೋ ಸುತ್ತಿ ಕೇಳಬೇಕೋ ಎಂಬುದು ಈ ಕ್ಷೇತ್ರದ ಹಳೆಯ ಚರ್ಚೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ರೂಪುಗೊಂಡ ಇಪ್ಪತ್ತು ಪ್ರಶ್ನೆಗಳ ಮಾಪಕವನ್ನು 2004ರಲ್ಲಿ ದೊಡ್ಡ ಸಮೀಕ್ಷೆಗಳಿಗೆಂದು ಮೂರಕ್ಕೆ ಇಳಿಸಲಾಯಿತು: ಜೊತೆಗಾರರಿಲ್ಲ ಎಂದು ಎಷ್ಟು ಸಲ ಅನಿಸುತ್ತದೆ, ನಿಮ್ಮನ್ನು ಹೊರಗಿಟ್ಟಿದ್ದಾರೆ ಎಂದು ಎಷ್ಟು ಸಲ ಅನಿಸುತ್ತದೆ, ಇತರರಿಂದ ಬೇರೆಯಾಗಿ ದೂರ ಉಳಿದಿದ್ದೇನೆ ಎಂದು ಎಷ್ಟು ಸಲ ಅನಿಸುತ್ತದೆ. ಪ್ರತಿಯೊಂದಕ್ಕೂ ಮೂರು ಉತ್ತರ, ಒಟ್ಟು ಅಂಕ 3ರಿಂದ 9. ಇವುಗಳಲ್ಲಿ ‘ಒಂಟಿತನ’ ಎಂಬ ಪದವೇ ಬರುವುದಿಲ್ಲ, ಅದಕ್ಕಾಗಿಯೇ ನಾಚಿಕೆಯಿಲ್ಲದೆ ಉತ್ತರಿಸಬಹುದು. ಆದರೆ ಹೀಗೆ ಸುತ್ತಿ ಕೇಳಿದ್ದನ್ನು ಕೂಡಿಸಿ ‘ಇವರು ಒಂಟಿ’ ಎಂದು ತೀರ್ಮಾನಿಸುವವರು ಸಂಶೋಧಕರೇ ಹೊರತು ಆ ವ್ಯಕ್ತಿಯಲ್ಲ. ಬ್ರಿಟನ್ ಈ ಮೂರರ ಜೊತೆಗೆ ‘ನಿಮಗೆ ಎಷ್ಟು ಸಲ ಒಂಟಿ ಎನಿಸುತ್ತದೆ’ ಎಂಬ ನೇರ ಪ್ರಶ್ನೆಯನ್ನೂ ಉಳಿಸಿಕೊಂಡಿತು, ಜಪಾನ್ ಕೂಡ ಎರಡೂ ಬಗೆಯನ್ನು ಕೇಳುತ್ತದೆ. ಎರಡರಿಂದ ಒಂದೇ ಸಂಖ್ಯೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ನೇರ ಪ್ರಶ್ನೆಗೆ ‘ಇಲ್ಲ’ ಎಂದು, ಸುತ್ತಿನ ಪ್ರಶ್ನೆಗಳಿಗೆ ‘ಹೌದು’ ಎನ್ನುವವರು ಯಾರು ಎಂಬುದರಿಂದಲೇ ಒಂದು ಸಮಾಜದ ಸಂಕೋಚ ಎಲ್ಲಿ ನೆಲೆಸಿದೆಯೆಂದು ತಿಳಿಯುತ್ತದೆ. ನಮ್ಮಲ್ಲಿ ಆ ಅಂತರ ಗಂಡಸರಲ್ಲಿ ಎಷ್ಟಿರುತ್ತದೆಂದು ತಿಳಿಯಲು ನಾನು ನಿಜಕ್ಕೂ ಕಾದಿದ್ದೇನೆ. ನಾಲ್ಕನ್ನೂ ಕೇಳಿ, ನೇರ ಪ್ರಶ್ನೆಯನ್ನು ಕೊನೆಯಲ್ಲಿಡಿ ಎಂಬುದು ನನ್ನ ಕೋರಿಕೆ.

ಒಬ್ಬರೇ ವಾಸಿಸುವವರ ಎಣಿಕೆಯನ್ನು ಒಂಟಿತನದ ಅಳತೆಯೆಂದು ಬಳಸುವ ಅಭ್ಯಾಸವನ್ನೂ ಬಿಡಬೇಕು. ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೆಯ ಸುತ್ತಿನಲ್ಲಿ ಹಿರಿಯರು ಯಾರ ಜೊತೆ ವಾಸಿಸುತ್ತಾರೆಂದು ಕೇಳಲಾಗಿತ್ತು. ತಮ್ಮ ಆರೋಗ್ಯ ಹೇಗಿದೆಯೆಂದು ಅವರಿಗೇ ಅನಿಸುತ್ತದೆ ಎಂಬ ಪ್ರಶ್ನೆಯೂ ಅಲ್ಲಿತ್ತು, ಹಾಗಾಗಿ ಅನಿಸಿಕೆಯನ್ನು ಕೇಳುವುದು ನಿಮ್ಮ ಸಂಸ್ಥೆಗೆ ಹೊಸದೇನಲ್ಲ. ಲಾಸಿ ಪ್ರಕಾರ 60 ದಾಟಿದವರಲ್ಲಿ ಒಬ್ಬರೇ ವಾಸಿಸುವವರು ನೂರಕ್ಕೆ ಸುಮಾರು 6 ಜನ. ಉಳಿದ 94 ಜನರಿಗೆ ಜೊತೆಯಿದೆ ಎಂದುಕೊಳ್ಳುವುದು ಲೆಕ್ಕದ ಮಾತಾಯಿತು. ಮಗನ ಮನೆಯ ಕೋಣೆಯಲ್ಲಿ ಟಿವಿಯ ಮುಂದೆ ದಿನ ಕಳೆಯುವ ತಂದೆ ಆ 94ರೊಳಗೆ ಇರುತ್ತಾರೆ. ಒಬ್ಬರೇ ಇದ್ದು, ಬೆಳಗ್ಗೆ ಭಜನೆಗೆ, ಸಂಜೆ ಸ್ವಸಹಾಯ ಸಂಘಕ್ಕೆ ಹೋಗಿಬರುವ ಅಜ್ಜಿ ಆ 6ರೊಳಗೆ. ಇನ್ನು ಯುವಜನರನ್ನಂತೂ ನಮ್ಮ ರಾಷ್ಟ್ರೀಯ ಸಮೀಕ್ಷೆಗಳು ನಿಯಮಿತವಾಗಿ ಕೇಳಿಲ್ಲ. ಇಂಗ್ಲೆಂಡಿನಲ್ಲಿ ಒಂಟಿತನ ಅತಿ ಹೆಚ್ಚು ವರದಿಯಾಗುವುದು 16ರಿಂದ 24ರ ವಯಸ್ಸಿನವರಲ್ಲಿ. ಬೆಂಗಳೂರಿನ ಪಿಜಿಗಳಲ್ಲಿ ಮಂಚಕ್ಕೊಬ್ಬರಂತೆ ತುಂಬಿಕೊಂಡಿರುವ, ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವ ಹುಡುಗ ಹುಡುಗಿಯರ ವಿಷಯದಲ್ಲಿ ನಮಗಿರುವುದು ಊಹೆ ಮಾತ್ರ.

ಸಮಯದ ವಿಷಯ ಚಿಕ್ಕದಾಗಿ ಕಂಡರೂ ಪರಿಣಾಮ ದೊಡ್ಡದು. ‘ನಿನ್ನೆ’ ಎಂದು ಕೇಳಿದರೆ ಆ ನಿನ್ನೆ ವಾರದ ಏಳು ದಿನಗಳಿಗೂ, ವರ್ಷದ ಹನ್ನೆರಡು ತಿಂಗಳಿಗೂ ಸಮನಾಗಿ ಹಂಚಿಹೋಗಿರಬೇಕು. ತನಿಖಾಧಿಕಾರಿಗಳು ಸೋಮವಾರದಿಂದ ಶುಕ್ರವಾರದವರೆಗೆ ಮಾತ್ರ ಓಡಾಡಿದರೆ ಶುಕ್ರವಾರ ಮತ್ತು ಶನಿವಾರಗಳು ‘ನಿನ್ನೆ’ಯಾಗುವುದೇ ಇಲ್ಲ. ಜಾತ್ರೆಯ ಮರುದಿನ, ಸುಗ್ಗಿಯ ನಡುವೆ, ಬರದ ಬೇಸಿಗೆಯಲ್ಲಿ ಕೇಳಿದ ಉತ್ತರಗಳು ಬೇರೆಬೇರೆ. ಇಡೀ ವರ್ಷ ಹರಡಿದ ಮಾದರಿಯಿಂದ ಮಾತ್ರ ಇವು ಒಂದನ್ನೊಂದು ಸರಿದೂಗಿಸಬಲ್ಲವು. ನಿಮ್ಮ ಸಮಯ ಬಳಕೆ ಸಮೀಕ್ಷೆ 2019ರಲ್ಲೂ 2024ರಲ್ಲೂ ಜನವರಿಯಿಂದ ಡಿಸೆಂಬರ್‌ವರೆಗೆ ನಡೆದು, ಬೆಳಗಿನ ನಾಲ್ಕು ಗಂಟೆಯಿಂದ ಮರುಬೆಳಗಿನ ನಾಲ್ಕರವರೆಗಿನ ದಿನಚರಿಯನ್ನು ಸಂಗ್ರಹಿಸಿದೆ. ಜನ ದಿನವನ್ನು ಹೇಗೆ ಕಳೆದರೆಂದು ಕೇಳುವ ಆ ಸಮೀಕ್ಷೆಯಲ್ಲಿ ಯಾರ ಜೊತೆ ಕಳೆದರು, ಆಗ ಹೇಗನಿಸಿತು ಎಂಬ ಎರಡು ಅಂಕಣಗಳನ್ನು ಮುಂದಿನ ಸುತ್ತಿನಲ್ಲಿ, ಸಣ್ಣ ಉಪಮಾದರಿಯಲ್ಲಾದರೂ ಸೇರಿಸಿದರೆ ಅದರ ಬೆಲೆ ಎಷ್ಟೋ ಪಟ್ಟು ಹೆಚ್ಚುತ್ತದೆ. ಅಮೆರಿಕದ ಸಮಯ ಬಳಕೆ ಸಮೀಕ್ಷೆ 2010, 2012, 2013 ಮತ್ತು 2021ರಲ್ಲಿ ಇಂಥ ಭಾಗವನ್ನು ಸೇರಿಸಿತ್ತು.

ಪ್ರಶ್ನೆ ಎಲ್ಲಿ ಕೂರುತ್ತದೆ ಎಂಬುದೂ ಉತ್ತರವನ್ನು ಬದಲಿಸುತ್ತದೆ. ಗ್ಯಾಲಪ್‌ನ ಅಮೆರಿಕದ ದೈನಂದಿನ ಸಮೀಕ್ಷೆಯನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್, ರಾಜಕೀಯದ ಪ್ರಶ್ನೆಗಳನ್ನು ಮೊದಲು ಕೇಳಿದಾಗ ಜನ ತಮ್ಮ ಬದುಕಿಗೆ ಕೊಡುವ ಅಂಕ ಇಳಿಯುತ್ತದೆಂದು 2012ರಲ್ಲಿ ತೋರಿಸಿದರು. ನಮ್ಮಲ್ಲಿ ಸಾಲ, ಆಸ್ಪತ್ರೆ ಖರ್ಚು, ಮನೆಯಲ್ಲಿ ಸತ್ತವರ ವಿವರ ಕೇಳಿದ ಮೇಲೆ ‘ಬದುಕು ತೃಪ್ತಿಯಾಗಿದೆಯೇ’ ಎಂದು ಕೇಳುವುದು ಅನ್ಯಾಯ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ 2013ರಲ್ಲಿ ಹೊರತಂದ ಮಾರ್ಗಸೂಚಿಯ ಸಲಹೆಯಂತೆ, ಮನೆಯವರ ಹೆಸರು ವಯಸ್ಸುಗಳ ಪಟ್ಟಿ ಮುಗಿದ ಕೂಡಲೇ, ಕಷ್ಟದ ವಿಷಯಗಳಿಗಿಂತ ಮೊದಲು, ಈ ಪ್ರಶ್ನೆಗಳು ಬರಬೇಕು.

ಅಂಕ ಕೊಡುವ ಪದ್ಧತಿ ಓದು ಬಾರದವರಿಗೆ ಕಷ್ಟವೆಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ‘ಹದಿನಾರಾಣೆ ಸತ್ಯ’, ‘ಎಂಟಾಣೆ ಭಾಗ ಕೆಲಸ ಮುಗಿಯಿತು’ ಎಂದು ಮಾತಾಡಿಕೊಂಡೇ ಬೆಳೆದ ಜನಕ್ಕೆ ಮನಸ್ಸಿನ ಸ್ಥಿತಿಗೆ ಒಂದು ಪಾಲು ಹೇಳುವುದು ಅಪರಿಚಿತವಲ್ಲ. ಏಣಿಯ ಚಿತ್ರವಿರುವ ಕಾರ್ಡೊಂದನ್ನು ಕೈಗೆ ಕೊಟ್ಟು, ಮೊದಲು ಊಟದ ರುಚಿಯಂಥ ಹಗುರ ವಿಷಯದ ಮೇಲೆ ಅಭ್ಯಾಸ ಮಾಡಿಸಿದರೆ ಸಾಕು. ಭಾಷೆಯ ಕಷ್ಟ ಇದಕ್ಕಿಂತ ನಿಜವಾದದ್ದು. ತನಿಖಾಧಿಕಾರಿ ಸ್ಥಳದಲ್ಲೇ ತಮಗೆ ತೋಚಿದಂತೆ ಪ್ರಶ್ನೆಯನ್ನು ತಿರುಗಿಸಿ ಕೇಳುವ ರೂಢಿ ಎಷ್ಟೋ ಕಡೆ ಇದೆ. ಈ ಪ್ರಶ್ನೆಗಳಿಗೆ ಅದು ಸಲ್ಲದು. ಪ್ರಶ್ನೆಗಳ ಕನ್ನಡ ರೂಪವನ್ನು ಕಲಬುರಗಿ, ಧಾರವಾಡ, ಮೈಸೂರು ಕಡೆಯ ಜನರ ಮುಂದಿಟ್ಟು, ಪ್ರಶ್ನೆ ಕೇಳಿದಾಗ ಅವರಿಗೆ ಏನು ಹೊಳೆಯಿತೆಂದು ಅವರ ಬಾಯಿಂದಲೇ ಹೇಳಿಸಿ ತಿದ್ದಬೇಕು. ಮನೆಮಾತು ತುಳು, ಕೊಂಕಣಿ, ಉರ್ದು, ಲಂಬಾಣಿ, ಕೊಡವ ಆಗಿರುವವರಿಗೂ ಅವರ ಮಾತಿನಲ್ಲೇ ಸಿದ್ಧ ಪ್ರಶ್ನೆಗಳು ಇರಬೇಕು. ಮನಸ್ಸಿನ ಮಾತನ್ನು ಎರಡನೆಯ ಭಾಷೆಯಲ್ಲಿ ಹೇಳಿಸುವುದು ನ್ಯಾಯವೂ ಅಲ್ಲ, ನಿಖರವೂ ಅಲ್ಲ.

ಕೇಳಿದ ಮೇಲೆ ಹೊಣೆಯಿದೆ. ವರ್ಷಗಳಿಂದ ಯಾರೂ ಕೇಳದ ಪ್ರಶ್ನೆಯನ್ನು ಕೇಳಿದಾಗ ಕೆಲವರು ಅಳುತ್ತಾರೆ, ಕೆಲವರು ಬಿಡದೆ ಮಾತಾಡುತ್ತಾರೆ. ಆಗ ಟ್ಯಾಬ್ಲೆಟ್ ಮುಚ್ಚಿಕೊಂಡು ಮುಂದಿನ ಮನೆಗೆ ಹೋಗುವುದು ಮನುಷ್ಯತ್ವವಲ್ಲ. ತನಿಖಾಧಿಕಾರಿಗಳಿಗೆ ಕೇಳಿಸಿಕೊಳ್ಳುವ ತರಬೇತಿ ಬೇಕು, ದಿನಕ್ಕೆ ಇಷ್ಟು ಮನೆ ಎಂಬ ಒತ್ತಡ ಈ ಭಾಗಕ್ಕೆ ಸಡಿಲವಾಗಬೇಕು, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಮತ್ತು ಹಿರಿಯರ ಸಹಾಯವಾಣಿ 14567 ಅಚ್ಚಾಗಿರುವ ಚೀಟಿಯೊಂದನ್ನು ಎಲ್ಲರಿಗೂ, ಉತ್ತರ ಏನೇ ಇದ್ದರೂ, ಕೊಡಬೇಕು. ಕೆಲವರಿಗೆ ಮಾತ್ರ ಕೊಟ್ಟರೆ ಅವರ ಉತ್ತರ ಮನೆಯವರಿಗೆ ತಿಳಿದುಹೋಗುತ್ತದೆ. 2008ರ ಅಂಕಿಅಂಶ ಸಂಗ್ರಹಣಾ ಕಾಯಿದೆ ವೈಯಕ್ತಿಕ ಮಾಹಿತಿಗೆ ಕೊಟ್ಟಿರುವ ರಕ್ಷಣೆಯನ್ನು ಮೊದಲೇ, ಸರಳ ಮಾತಿನಲ್ಲಿ ಹೇಳಬೇಕು, ಈ ಉತ್ತರಗಳಿಗೂ ಯಾವುದೇ ಯೋಜನೆಯ ಅರ್ಹತೆಗೂ ಸಂಬಂಧವಿಲ್ಲವೆಂದು ತಿಳಿಸಿ, ಹಾಗೆಯೇ ನಡೆದುಕೊಳ್ಳಬೇಕು.

ಪ್ರಕಟಣೆಯ ಬಗ್ಗೆ ಒಂದೇ ಮಾತು. ದಯವಿಟ್ಟು ಸರಾಸರಿಯೊಂದನ್ನು ಹಿಡಿದು ರಾಜ್ಯಗಳನ್ನು, ಜಿಲ್ಲೆಗಳನ್ನು ಸಾಲಾಗಿ ನಿಲ್ಲಿಸಬೇಡಿ. ಸರಾಸರಿಗಳ ವ್ಯತ್ಯಾಸ ಎಷ್ಟೋ ಸಲ ಮಾದರಿಯ ದೋಷದ, ಅಂದರೆ ಎಲ್ಲರ ಬದಲು ಕೆಲವರನ್ನಷ್ಟೇ ಕೇಳುವುದರಿಂದ ಬರುವ ಏರುಪೇರಿನ, ಮಿತಿಗಿಂತ ಚಿಕ್ಕದಿರುತ್ತದೆ. ಬದುಕಿನ ತೃಪ್ತಿಗೆ 0ಯಿಂದ 4ರವರೆಗೆ ಅಂಕ ಕೊಟ್ಟವರು ನೂರಕ್ಕೆ ಎಷ್ಟು ಮಂದಿ, ಅವರು ಯಾರು, ಎಲ್ಲಿದ್ದಾರೆ ಎಂಬುದನ್ನು ಬ್ರಿಟನ್ ಪ್ರತ್ಯೇಕವಾಗಿ ಪ್ರಕಟಿಸುತ್ತದೆ. ನೀತಿ ರೂಪಿಸುವವರಿಗೆ ಬೇಕಾದ ಅಂಕಿ ಅದು.

ಕರ್ನಾಟಕದ ನಿರ್ದೇಶನಾಲಯಕ್ಕೆ ನನ್ನ ಪ್ರತ್ಯೇಕ ವಿನಂತಿಯಿದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಗಳಲ್ಲಿ ತಾವು ರಾಜ್ಯದ ಪಾಲಿನ ಮಾದರಿಯನ್ನು ನಡೆಸುತ್ತಲೇ ಬಂದಿದ್ದೀರಿ. ಕೇಂದ್ರದ ತೀರ್ಮಾನಕ್ಕೆ ಕಾಯದೆ ಕೆಲವು ಜಿಲ್ಲೆಗಳಲ್ಲಿ ಪೂರ್ವಪರೀಕ್ಷೆ ನಡೆಸಲು ತಮಗೆ ಅವಕಾಶವಿದೆ. ಮಕ್ಕಳು ಮುಂಬೈಯಲ್ಲೋ ಕೊಲ್ಲಿಯಲ್ಲೋ ನೆಲೆಸಿ, ದೊಡ್ಡ ಮನೆಯಲ್ಲಿ ಹಿರಿಯರಷ್ಟೇ ಉಳಿದಿರುವ ಉಡುಪಿ. ದುಡಿಯುವ ವಯಸ್ಸಿನವರು ಗುಳೆ ಹೋಗಿ, ಅಜ್ಜಿಯೂ ಮೊಮ್ಮಕ್ಕಳೂ ಉಳಿಯುವ ಯಾದಗಿರಿ. ತೋಟದ ಲೈನ್ ಮನೆಗಳಲ್ಲಿ ಹೊರಗಿನಿಂದ ಬಂದ ಕಾರ್ಮಿಕರಿರುವ ಕೊಡಗು. ಮತ್ತು ಬೆಂಗಳೂರು ನಗರ. ಈ ನಾಲ್ಕರಲ್ಲಿ, ಒಂದೇ ಪ್ರಶ್ನೆಗಳನ್ನು ಅರ್ಧ ಜನರಿಗೆ ತನಿಖಾಧಿಕಾರಿಯ ಬಾಯಿಂದ, ಇನ್ನರ್ಧ ಜನರಿಗೆ ಇಯರ್‌ಫೋನಿನ ಮೂಲಕ ಕೇಳಿ ಎರಡನ್ನೂ ಹೋಲಿಸಿದರೆ, ಇಡೀ ದೇಶಕ್ಕೆ ಬೇಕಾದ ಉತ್ತರ ಇಲ್ಲಿಂದಲೇ ಸಿಗುತ್ತದೆ.

ಕೇಂದ್ರ ಸಚಿವಾಲಯವು ಈಗ ಒಂದೊಂದು ವಿಷಯಕ್ಕೆ ಮೀಸಲಾದ ಕಿರು ಅವಧಿಯ ಮಾಡ್ಯುಲರ್ ಸಮೀಕ್ಷೆಗಳನ್ನು ನಡೆಸುತ್ತಿದೆ. ಅಂಥದೊಂದರಲ್ಲಿ ಮೊದಲ ಪ್ರಯೋಗ ಮಾಡಿ, ವಿಧಾನ ಗಟ್ಟಿಯಾದ ಮೇಲೆ ವರ್ಷಪೂರ್ತಿ ನಡೆಯುವ ಸಮೀಕ್ಷೆಗೆ ಒಯ್ಯಬಹುದು. ಅದಕ್ಕೆ ಮೊದಲು ಕರಡು ಪ್ರಶ್ನಾವಳಿಯನ್ನು ಇಂಗ್ಲಿಷ್ ಹಿಂದಿಗಳಲ್ಲಷ್ಟೇ ಪ್ರಕಟಿಸದೆ, ಕನ್ನಡವೂ ಸೇರಿದಂತೆ ಅದನ್ನು ಕೇಳಲಾಗುವ ಪ್ರತಿ ಭಾಷೆಯಲ್ಲೂ, ತನಿಖಾಧಿಕಾರಿಗಳಿಗೆ ಕೊಡುವ ಸೂಚನೆಗಳ ಸಮೇತ ಸಾರ್ವಜನಿಕರ ಮುಂದಿಟ್ಟು, ಅಭಿಪ್ರಾಯ ಹೇಳಲು ಕನಿಷ್ಠ ಎರಡು ತಿಂಗಳ ಕಾಲಾವಕಾಶ ಕೊಡಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸಂಖ್ಯಾಶಾಸ್ತ್ರದ ಒಬ್ಬ ನಿವೃತ್ತ ಅಧ್ಯಾಪಕ